ಗೆಳೆಯನಿಗೊಂದು ಪತ್ರ: ಕಲಂ 20ರ ಬಾಗಿಲು

ಪ್ರಿಯ ಶಿವು,

"ಫಿನ್‌ಲ್ಯಾಂಡಿನವರೂ ನೆಲಬಾಂಬು ಒಪ್ಪಂದದಿಂದ ಎದ್ದು ಹೊರಟರಂತಲ್ಲೋ" ಎಂದು ನೀನು ಬರೆದ ಒಂದು ಸಾಲಿಗೆ ಇಷ್ಟು ದಿನ ಉತ್ತರ ಕೊಡಲಾಗಲಿಲ್ಲ. ನಾಲ್ಕು ಜನ ಓದುವ ಕಡೆಯೇ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಆ ಪ್ರಶ್ನೆ ನಿನ್ನೊಬ್ಬನದೇ ಅಲ್ಲ.

ಹೌದು, ಹೊರಟರು. ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ 2025ರ ಡಿಸೆಂಬರ್ 27ಕ್ಕೆ, ಫಿನ್‌ಲ್ಯಾಂಡ್ 2026ರ ಜನವರಿ 10ಕ್ಕೆ, ಪೋಲೆಂಡ್ ಫೆಬ್ರವರಿ 20ಕ್ಕೆ. ಮನುಷ್ಯರ ಕಾಲ್ತುಳಿತಕ್ಕೆ ಸಿಡಿಯುವ ನೆಲಬಾಂಬುಗಳನ್ನು ನಿಷೇಧಿಸಿದ ಒಟ್ಟಾವಾ ಒಪ್ಪಂದದಿಂದ ಐದೂ ದೇಶ ನಿಯಮದ ಪ್ರಕಾರವೇ ಹೊರನಡೆದವು. ಕಲಂ 20 ಹೇಳುವುದಿಷ್ಟು: ಕಾರಣ ವಿವರಿಸಿ ನೋಟಿಸ್ ಕೊಡು, ಆರು ತಿಂಗಳು ಕಾಯಿ, ಆಮೇಲೆ ನೀನು ಸ್ವತಂತ್ರ. ಆದರೆ ಆ ಆರು ತಿಂಗಳು ಮುಗಿಯುವ ದಿನ ನೀನು ಯುದ್ಧದಲ್ಲಿದ್ದರೆ, ಯುದ್ಧ ಮುಗಿಯುವ ತನಕ ಬಾಗಿಲು ತೆರೆಯುವುದಿಲ್ಲ. ಬರೆದವರ ಉದ್ದೇಶ ಒಳ್ಳೆಯದೇ. ಯುದ್ಧಕ್ಕೆಂದೇ ಮಾಡಿದ ಕಟ್ಟಳೆಯನ್ನು ಯುದ್ಧದ ನಡುವೆ ಬಿಸಾಡಬಾರದಲ್ಲ! ಹಾಗಾಗಿ ಉಕ್ರೇನಿಗೆ ಬಾಗಿಲು ಮುಚ್ಚಿದೆ. ಅದು ಒಪ್ಪಂದವನ್ನು "ಅಮಾನತು" ಮಾಡುತ್ತೇನೆಂದು ತಿಳಿಸಿದೆ, ಆದರೆ ಅಮಾನತಿಗೆ ಆ ಪಠ್ಯದಲ್ಲಿ ಒಂದು ಸಾಲೂ ಇಲ್ಲ. ಯುದ್ಧದ ಭಯದಲ್ಲಿ, ಶಾಂತಿಯಲ್ಲಿರುವಾಗಲೇ ಗಂಟುಮೂಟೆ ಕಟ್ಟುವವರಿಗೆ ಮಾತ್ರ ಬಾಗಿಲು ಮೊದಲ ದಿನದಿಂದ ತೆರೆದೇ ಇತ್ತು. ಇಷ್ಟು ವರ್ಷ ಆ ಕಲಮನ್ನು ಓದಿಯೂ ಇದು ನನಗೆ ಹೊಳೆದಿರಲಿಲ್ಲ.

ಅವರು ಯಾವ ಬಗೆಯ ವಸ್ತುವಿನ ಹಕ್ಕನ್ನು ವಾಪಸ್ ಪಡೆದರು ಎಂಬುದನ್ನು ನೀನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪಿಎಫ್‌ಎಂ-1 ಎಂಬ ಸೋವಿಯತ್ ಮೈನು (ನೆಲಬಾಂಬು) ಅಂಗೈಯಲ್ಲಿ ಹಿಡಿಸುತ್ತದೆ, ತೂಕ ಸುಮಾರು 75 ಗ್ರಾಂ. ಪ್ಲಾಸ್ಟಿಕ್ ಮೈ. ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ರೆಕ್ಕೆ. ಮಹಾಗನಿ ಬೀಜ ಮರದಿಂದ ಗಿರಗಿರನೆ ತಿರುಗುತ್ತ ಇಳಿಯುತ್ತದಲ್ಲ, ಹಾಗೇ ಆಕಾಶದಿಂದ ಇಳಿಯುತ್ತದೆ. ದಪ್ಪ ಬದಿಯ ಒಳಗೆ 37 ಗ್ರಾಂ ದ್ರವ ಸ್ಫೋಟಕ. ಸಾಮಾನ್ಯವಾಗಿ ಕೊಲ್ಲುವುದಿಲ್ಲ, ಪಾದ ತೆಗೆಯುತ್ತದೆ. ಕೈಯಲ್ಲಿ ಹಿಚುಕಿದರೂ ಸಿಡಿಯುತ್ತದೆ, ಮಕ್ಕಳು ಎತ್ತಿಕೊಳ್ಳುವುದೇ ಹಾಗೆ. ಅದನ್ನು ನಿಷ್ಕ್ರಿಯ ಮಾಡುವ ದಾರಿಯಿಲ್ಲ, ಇದ್ದಲ್ಲೇ ಸಿಡಿಸಬೇಕು.

ತೆಗೆಯುವ ಕೆಲಸ ಹೀಗೆ ನಡೆಯುತ್ತದೆ. ಒಂದು ಮೀಟರ್ ಅಗಲದ ಪಟ್ಟಿ, ಅದರ ಅಡ್ಡಕ್ಕೆ ನೆಲದ ಮೇಲೊಂದು ಕೋಲು. ಕೋಲಿನ ಈಚೆ ಮಾತ್ರ ಮನುಷ್ಯ. ಮೊದಲು ತೆಳ್ಳನೆ ಕಡ್ಡಿ ಚಾಚಿ ಎಡವಿದರೆ ಮೈನು ಸಿಡಿಸುವ ತಂತಿ ಇದೆಯೇ ಎಂದು ಮೆಲ್ಲಗೆ ಎತ್ತಿ ನೋಡುತ್ತಾರೆ. ಆಮೇಲೆ ಹುಲ್ಲು ಕೊಯ್ಯುತ್ತಾರೆ, ಕೈಕತ್ತರಿಯಲ್ಲಿ, ಹಿಡಿಹಿಡಿಯಾಗಿ. ಆಮೇಲೆ ಲೋಹ ಪತ್ತೆಮಾಡುವ ಡಿಟೆಕ್ಟರ್, ಒಂದು ಬೀಸಿನ ಮೇಲೆ ಇನ್ನೊಂದು ಬೀಸು ಸ್ವಲ್ಪ ಹತ್ತುವಂತೆ. ಸದ್ದು ಬಂದ ಜಾಗಕ್ಕೆ ಗುರುತಿಟ್ಟು, ಅದಕ್ಕಿಂತ ಗೇಣು ಹಿಂದಿನಿಂದ ಮಣ್ಣು ಕೆರೆಯುತ್ತ ಬರಬೇಕು. ಚುಚ್ಚುಗೋಲು ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿರಬೇಕು, ಮೈನಿನ ಪಕ್ಕೆಗೆ ತಾಗಬೇಕು, ನೆತ್ತಿಗಲ್ಲ. ನೆಲ ಒಣಗಿ ಕಲ್ಲಾಗಿದ್ದರೆ ಕೈ ತಾನಾಗಿ ಬಲ ಹಾಕುತ್ತದೆ, ಕೋಲು ನೆಟ್ಟಗಾಗುತ್ತದೆ. ಅಪಘಾತ ಆಗುವುದು ಆಗಲೇ. ಅದಕ್ಕೇ ಮೊದಲು ನೀರು ಚಿಮುಕಿಸಿ ಮೆದು ಮಾಡುವುದು. ಅಷ್ಟೆಲ್ಲ ಆದ ಮೇಲೆ ಸಿಗುವುದು ಬಹುಪಾಲು ಮೊಳೆ, ಡಬ್ಬಿ, ಗುಂಡಿನ ಚಿಪ್ಪು. ಒಬ್ಬನಿಗೆ ದಿನಕ್ಕೆ 20ರಿಂದ 50 ಚದರ ಮೀಟರ್ ಆದರೆ ದೊಡ್ಡದು. ಒಂದು ಮೈನು ಮಾಡಲು 3 ಡಾಲರಿನಿಂದ 75 ಡಾಲರ್, ತೆಗೆಯಲು 300ರಿಂದ 1,000 ಎಂಬುದು ವಿಶ್ವಸಂಸ್ಥೆಯ ಹಳೆಯ ಅಂದಾಜು.

"ನಾವು ನಕ್ಷೆ ಇಟ್ಟುಕೊಂಡು, ಬೇಲಿ ಹಾಕಿ, ಜವಾಬ್ದಾರಿಯಿಂದ ಹೂಳುತ್ತೇವೆ" ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ನಕ್ಷೆ ಮೊದಲ ದಿನ ಸರಿಯಾಗಿಯೇ ಇರುತ್ತದೆ. ಆಮೇಲೆ ಮಳೆ ಬರುತ್ತದೆ. ಹಿಮ ಕರಗಿ, ನೆರೆ ಉಕ್ಕಿ ಮೈನು ಇಳಿಜಾರಿಗೆ ಜಾರುವುದು ನಮ್ಮ ಕಾಶ್ಮೀರದ ಗಡಿಯಲ್ಲೇ ಮತ್ತೆ ಮತ್ತೆ ಆಗಿದೆ. ಬೇಲಿಯ ಗೂಟ ಬಡವರ ಒಲೆಗೆ ಹೋಗುತ್ತದೆ, ತಂತಿ ಗುಜರಿಗೆ. ಅದಕ್ಕೇ ಎಷ್ಟೋ ಕಡೆ ಕಲ್ಲಿಗೆ ಬಣ್ಣ ಬಳಿಯುತ್ತಾರೆ, ಕೆಂಪು ಮುಖ ಅಪಾಯದ ಕಡೆಗೆ, ಬಿಳಿ ಮುಖ ನಮ್ಮ ಕಡೆಗೆ. ಕಲ್ಲನ್ನು ಯಾರೂ ಕದಿಯುವುದಿಲ್ಲ. ಇನ್ನು ತಾನಾಗಿ ನಾಶವಾಗುವ "ಜಾಣ" ಮೈನುಗಳು. ದೂರದಿಂದ ಎರಚುವ ಮೈನುಗಳಲ್ಲಿ 30 ದಿನದೊಳಗೆ ನಾಶವಾಗದೆ ಉಳಿಯುವುದು ನೂರಕ್ಕೆ 10ನ್ನು ಮೀರಬಾರದು ಎನ್ನುತ್ತದೆ, ಕೆಲವು ಅಸ್ತ್ರಗಳ ಬಳಕೆಗೆ ಮಿತಿ ಹಾಕುವ ಇನ್ನೊಂದು ಅಂತರರಾಷ್ಟ್ರೀಯ ಒಪ್ಪಂದದ 1996ರ ತಿದ್ದುಪಡಿ ಪ್ರೋಟೋಕಾಲ್. ಅಂದರೆ ಸಾವಿರ ಎರಚಿದರೆ ನೂರು ಉಳಿದರೂ ಕಾನೂನು ಮುರಿದಂತಲ್ಲ. ಅವು ನಾಲ್ಕು ತಿಂಗಳಲ್ಲಿ ಬ್ಯಾಟರಿ ಸತ್ತು ಸುಮ್ಮನಾಗಬೇಕು ಎಂದೂ ಅದರಲ್ಲಿದೆ. ಆದರೆ ಸುಮ್ಮನಾದದ್ದು ಯಾವುದೆಂದು ಹೊಲಕ್ಕಿಳಿದ ರೈತನಿಗೆ ಹೇಳುವವರಾರು?

2023ರಲ್ಲಿ ಜಗತ್ತಿನಾದ್ಯಂತ ನೆಲಬಾಂಬು ಮತ್ತು ಸಿಡಿಯದೆ ಉಳಿದ ಮದ್ದುಗುಂಡಿಗೆ ಸತ್ತವರು, ಗಾಯಗೊಂಡವರು ಕನಿಷ್ಠ 5,757 ಮಂದಿ. ನಾಗರಿಕರೋ ಸೈನಿಕರೋ ಎಂದು ಗೊತ್ತಾದವರಲ್ಲಿ ನೂರಕ್ಕೆ 84 ಜನ ನಾಗರಿಕರು.

ಈಗ, ಹೇಳಬಾರದೆಂದುಕೊಂಡಿದ್ದ ಮಾತು. ಫಿನ್‌ಲ್ಯಾಂಡಿನ ವಾದ ಓದುವಾಗ ನನ್ನೊಳಗೆ ಯಾರೋ "ಹೌದಲ್ಲ" ಅಂದರು. ರಷ್ಯಾದ ಜೊತೆ 1,300 ಕಿಲೋಮೀಟರಿಗೂ ಉದ್ದದ ಗಡಿ, ಆಚೆಯವರು ಒಪ್ಪಂದಕ್ಕೆ ಸೇರಿಯೇ ಇಲ್ಲ, ಉಕ್ರೇನಿನ ನೆಲದಲ್ಲಿ ಏನಾಯಿತೆಂದು ಕಣ್ಣಾರೆ ಕಂಡಿದ್ದಾರೆ. 2012ರಲ್ಲಿ ಸೇರಿ, 2015ರೊಳಗೆ ಹತ್ತು ಲಕ್ಷ ಮೈನು ನಾಶ ಮಾಡಿದ ದೇಶ ಅದು. ಅಲ್ಲಿನ ತಾಯಂದಿರ ಜಾಗದಲ್ಲಿ ನಾನಿದ್ದರೆ ಹೂಳಬೇಡಿ ಅನ್ನುತ್ತಿದ್ದೆನೇ? ಗೊತ್ತಿಲ್ಲ ಶಿವು. ಇಷ್ಟು ವರ್ಷ ಎಲ್ಲರೆದುರು ಈ ಒಪ್ಪಂದದ ಪರ ಗಂಟಲು ಹರಿದುಕೊಂಡವನಿಗೆ ಈ ಪ್ರಶ್ನೆಗೆ ಉತ್ತರವಿಲ್ಲ.

ಇನ್ನೂ ಒಂದಿದೆ. ಫಿನ್‌ಲ್ಯಾಂಡ್ ಹೊರಟಾಗ ನನಗೆ ನಿದ್ದೆ ಬರಲಿಲ್ಲ. ಭಾರತ ಸೇರಿಯೇ ಇಲ್ಲ, ಸಭೆಗಳಿಗೆ ವೀಕ್ಷಕನಾಗಿ ಹೋಗಿ ಬರುತ್ತದೆ. ಅದಕ್ಕೆ ನಾನೊಂದು ರಾತ್ರಿಯೂ ನಿದ್ದೆಗೆಟ್ಟಿಲ್ಲ. ಸಂಸತ್ತಿನ ಮೇಲೆ ದಾಳಿಯಾದ ಮೇಲೆ, 2001ರ ಕೊನೆಗೆ, ಪಾಕಿಸ್ತಾನದ ಗಡಿಗೆ ಸೇನೆ ಕಳಿಸಿದ ಆಪರೇಷನ್ ಪರಾಕ್ರಮದಲ್ಲಿ ಪಂಜಾಬ್, ರಾಜಸ್ಥಾನ, ಜಮ್ಮುವಿನ ಹೊಲಗಳಲ್ಲಿ ಮೈನು ಹೂಳಿದರು. ಯುದ್ಧ ನಡೆಯಲೇ ಇಲ್ಲ, ಆದರೂ ಕೈಕಾಲು ಹೋದವು. ದೂರದವರ ಮಾತು ಮುರಿದದ್ದು ನೋಯಿಸಿತು, ನಮ್ಮವರು ಮಾತೇ ಕೊಡದ್ದು ರೂಢಿಯಾಗಿಬಿಟ್ಟಿತ್ತು. ಇದನ್ನು ಬರೆಯುವಾಗ ಕೈ ನಿಂತಿತು.

ಸಾಕು, ಇಷ್ಟು ಭಾರ ನಿನ್ನ ಮೇಲೆ ಹೇರಬಾರದಿತ್ತು. ಮಗಾವಾನ ವಿಷಯ ಹೇಳಿ ಮುಗಿಸುತ್ತೇನೆ. ಟಾಂಜಾನಿಯಾದಲ್ಲಿ ತರಬೇತಿ ಪಡೆದು ಕಾಂಬೋಡಿಯಾದಲ್ಲಿ ದುಡಿದ ಹೆಗ್ಗಣ ಅದು, ತೂಕ 1.2 ಕಿಲೋ. ಮೈನು ಸಿಡಿಸುವಷ್ಟು ಭಾರವಿಲ್ಲ. ಕಬ್ಬಿಣದ ಚೂರಿಗೆ ಮೋಸಹೋಗುವುದಿಲ್ಲ, ಟಿಎನ್‌ಟಿ ಎಂಬ ಸ್ಫೋಟಕದ ವಾಸನೆ ಸಿಕ್ಕರೆ ಮಾತ್ರ ನೆಲ ಕೆರೆಯುತ್ತದೆ. ಟೆನಿಸ್ ಅಂಗಳದಷ್ಟು ಜಾಗಕ್ಕೆ ಅರ್ಧ ಗಂಟೆ. ಡಿಟೆಕ್ಟರ್ ಹಿಡಿದ ಮನುಷ್ಯನಿಗೆ ನಾಲ್ಕು ದಿನವೂ ಬೇಕಾದೀತು. ಸೇವೆಯಲ್ಲಿ ಕಂಡುಹಿಡಿದದ್ದು 71 ಮೈನು, ಸಿಡಿಯದ 38 ಮದ್ದುಗುಂಡು. 2020ರಲ್ಲಿ ಚಿನ್ನದ ಪದಕ ಕೊಟ್ಟರು. ದಿನಗೂಲಿ ಬಾಳೆಹಣ್ಣು, ಕಡಲೆಬೀಜ.

ಇಲಿ ಕಂಡರೆ ಮಂಚ ಹತ್ತುವವನು ನೀನು. ಇವನ ಫೋಟೋ ಕಳಿಸುತ್ತೇನೆ, ಕೆಳಗಿಳಿದು ನೋಡು.

ನಿನ್ನವ