ಮಗಳಿಗೊಂದು ಪತ್ರ: ತಕಲಿಯ ಜತೆ ಕಳಿಸಿದ್ದು

ಶಹಾಪುರ, ಯಾದಗಿರಿ ಜಿಲ್ಲೆ

ಚಿರಂಜೀವಿ ಮಗಳಿಗೆ ಅವ್ವನ ಆಶೀರ್ವಾದಗಳು.

ಪಾರ್ಸಲ್‌ನೊಳಗೆ ಕೈಯಿಂದ ನೂಲು ತೆಗೆಯುವ ಹಿತ್ತಾಳೆ ಬಿಲ್ಲೆಯ ತಕಲಿ, 50 ಗ್ರಾಂ ಹಂಜಿ (ನೂಲಲೆಂದು ಹಿಂಜಿ ಸುತ್ತಿದ ಹತ್ತಿಯ ಸುರುಳಿ), ಬೀಜ ತೆಗೆದ ಒಂದಿಷ್ಟು ಅರಳೆ ಇವೆ. ಹಂಜಿ ಮುಗಿದ ಮೇಲೆ ಅರಳೆ ಮುಟ್ಟು. ಎರಡನ್ನೂ ಒಮ್ಮೆಗೇ ಕಲಿಯಲು ಹೋದರೆ ತಪ್ಪು ಕೈಯದೋ ಹತ್ತಿಯದೋ ತಿಳಿಯುವುದಿಲ್ಲ.

ಮೊದಲು ತಕಲಿಯನ್ನು ನೋಡು. ಗೇಣಿಗಿಂತ ತುಸು ಗಿಡ್ಡ ಕಡ್ಡಿ, ಕೆಳಗೆ ಬಿಲ್ಲೆ, ಮೇಲೆ ಕೊಕ್ಕೆ. ಮೊನೆಯನ್ನು ಸ್ಟೀಲ್ ಬಟ್ಟಲಿನಲ್ಲೋ ನುಣುಪಾದ ಕರಟದಲ್ಲೋ ಇಟ್ಟು ತಿರುಗಿಸಿ ಬಿಡು. ಸದ್ದಿಲ್ಲದೆ ನೆಟ್ಟಗೆ ನಿಂತು ತಿರುಗಬೇಕು. ತೂಗಾಡಿದರೆ ಕಡ್ಡಿ ಬಾಗಿದೆ, ಇಲ್ಲವೇ ಬಿಲ್ಲೆ ಓರೆಯಾಗಿದೆ ಎಂದರ್ಥ. ಅದನ್ನು ಸರಿಮಾಡದೆ ನೂಲಬೇಡ, ಆ ತೂಗಾಟಕ್ಕೇ ಎಳೆ ಹರಿಯುತ್ತದೆ. ಹತ್ತಿಗೆ ತಕಲಿಯನ್ನು ಗಾಳಿಯಲ್ಲಿ ತೂಗುಬಿಡುವುದಿಲ್ಲ. ಅದರ ಭಾರವನ್ನು ಬಟ್ಟಲು ಹೊರಬೇಕು, ಎಳೆಯ ಮೇಲೆ ಬೀಳಬಾರದು.

ಒಂದು ಮೊಳದಷ್ಟು ಗಟ್ಟಿ ದಾರವನ್ನು ಬಿಲ್ಲೆಯ ಮೇಲ್ಗಡೆ ಕಡ್ಡಿಗೆ ಕಟ್ಟಿ, ಸುತ್ತುತ್ತ ಮೇಲಕ್ಕೆ ತಂದು ಕೊಕ್ಕೆಗೆ ಸಿಕ್ಕಿಸು. ದಾರದ ತುದಿಯನ್ನು ಸ್ವಲ್ಪ ಬಿಡಿಸಿ ಹಂಜಿಯ ಬಾಯಿಗೆ ಎರಡು ಬೆರಳಗಲ ಒತ್ತಿ ಹಿಡಿ. ಬಲಗೈ ಹೆಬ್ಬೆರಳು, ತೋರುಬೆರಳಿನಿಂದ ತಕಲಿ ತಿರುಗಿಸು, ಹಂಜಿ ಹಿಡಿದ ಎಡಗೈಯನ್ನು ನಿಧಾನ ಮೇಲಕ್ಕೆ ಒಯ್ಯಿ. ಹಂಜಿಯನ್ನು ಹಿಂಡಬೇಡ. ಬಿಗಿ ಹಿಡಿದರೆ ಹತ್ತಿ ಜಾರುವುದಿಲ್ಲ, ಬೆವರಿಗೆ ಅಂಟಿ ಗಂಟಾಗುತ್ತದೆ.

ಈಗ ಮುಖ್ಯ ಮಾತು. ಇದೊಂದು ತಿಳಿದರೆ ಉಳಿದದ್ದು ತಾನಾಗಿ ಬರುತ್ತದೆ. ಹುರಿ, ಅಂದರೆ ತಕಲಿ ತಿರುಗಿದಾಗ ಎಳೆಗೆ ಬೀಳುವ ತಿರುಚು, ಯಾವಾಗಲೂ ತೆಳುವಾದ ಕಡೆಗೇ ಓಡುತ್ತದೆ. ದಪ್ಪ ಉಂಡೆಯಿದ್ದಲ್ಲಿ ಹುರಿ ಕೂಡುವುದಿಲ್ಲ, ಅದರ ಅಕ್ಕಪಕ್ಕದ ಸಣ್ಣ ಜಾಗದಲ್ಲಿ ಸೇರಿ ಅಲ್ಲಿ ಬಿರುಸಾಗುತ್ತದೆ. ಹಾಗಾಗಿ ಉಂಡೆ ಕಂಡ ಕೂಡಲೇ ಹರಿದು ಎಸೆಯಬೇಡ. ಉಂಡೆಯ ಎರಡೂ ಬದಿ ಬೆರಳಿಂದ ಹಿಡಿದು ಹುರಿಯನ್ನು ತುಸು ಬಿಚ್ಚಿ ಮೆಲ್ಲಗೆ ಜಗ್ಗು. ಹುರಿ ಸಡಿಲಾದ ದಪ್ಪ ಭಾಗ ಮಾತ್ರ ಜಾರಿ ತೆಳುವಾಗುತ್ತದೆ, ಹುರಿ ತುಂಬಿದ ಭಾಗ ಅಲುಗುವುದಿಲ್ಲ. ಆಮೇಲೆ ಬಿಟ್ಟರೆ ಹುರಿ ಆ ಜಾಗಕ್ಕೂ ಹರಿದು ಬರುವುದು ಬೆರಳಿಗೆ ಗೊತ್ತಾಗುತ್ತದೆ. ನೂಲುವುದರ ಸುಖ ಇರುವುದು ಅಲ್ಲೇ ನೋಡವ್ವ. ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಗೊತ್ತಾಗಿರುತ್ತದೆ.

ಜಗ್ಗುವಾಗ ಬೆರಳುಗಳ ನಡುವಿನ ಅಂತರವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಕಡೆ ಈಗ ಬೆಳೆಯುವ ಬಿಟಿ ಹತ್ತಿಯ ಒಂದೊಂದು ಎಳೆ ಸುಮಾರು 3 ಸೆಂಟಿಮೀಟರ್ ಉದ್ದ. ಬೆರಳುಗಳನ್ನು ಅದಕ್ಕಿಂತ ಹತ್ತಿರ ಹಿಡಿದರೆ ಒಂದೇ ಎಳೆಯ ಎರಡೂ ತುದಿ ನಿನ್ನ ಕೈಯಲ್ಲೇ ಇರುತ್ತವೆ, ಎಷ್ಟು ಜಗ್ಗಿದರೂ ಜಾರದು. ಐದಾರು ಸೆಂಟಿಮೀಟರ್ ಬಿಟ್ಟು ಹಿಡಿ.

ತೋಳು ಚಾಚುವಷ್ಟು ನೂಲು ಬಂದ ಮೇಲೆ ಎಳೆಯುವುದು ನಿಲ್ಲಿಸಿ ಇನ್ನಷ್ಟು ಹುರಿ ಕೊಡು. ಸಾಕಾಯಿತೇ ಎಂದು ನೋಡಲು ನೂಲನ್ನು ಸಡಿಲ ಬಿಡು. ಅದು ತನ್ನಷ್ಟಕ್ಕೆ ಮಡಚಿ ಜೋಡಿ ಹುರಿಯಾದರೆ ಸರಿ. ಸುಮ್ಮನೆ ಜೋತುಬಿದ್ದರೆ ಹುರಿ ಕಡಿಮೆ, ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ. ಅಲ್ಲಲ್ಲಿ ಗುಂಗುರು ಕೂದಲಿನಂತೆ ಸುರುಳಿ ಎದ್ದರೆ ಹೆಚ್ಚಾಗಿದೆ. ಬಳಿಕ ಕೊಕ್ಕೆಯಿಂದ ಬಿಡಿಸಿ ಬಿಲ್ಲೆಯ ಹತ್ತಿರ ಬಿಗಿಯಾಗಿ ಸುತ್ತು, ಕೆಳಗೆ ಅಗಲ, ಮೇಲೆ ಚೂಪು ಬರುವಂತೆ. ನಡುವೆ ತಕಲಿ ನಿಂತು ಹಿಂದಕ್ಕೆ ತಿರುಗದಂತೆ ಕಣ್ಣಿಡು. ಹಿಂದಕ್ಕೆ ತಿರುಗಿದರೆ ಹಾಕಿದ ಹುರಿಯೆಲ್ಲ ಬಿಚ್ಚಿ, ನೂಲು ಮತ್ತೆ ಹತ್ತಿಯಾಗುತ್ತದೆ.

ಎಳೆ ಹರಿದರೆ ಗಂಟು ಹಾಕಬೇಡ. ಎರಡೂ ತುದಿಗಳನ್ನು ಹಿಂಜಿ, ಮೂರು ಬೆರಳಗಲ ಒಂದರ ಮೇಲೊಂದಿಟ್ಟು ಹುರಿ ಬಿಡು. ನೇಯುವಾಗ ಗಂಟು ಮಗ್ಗದ ಬಾಚಣಿಗೆಯಂಥ ಹಣಿಗೆಯಲ್ಲಿ ಸಿಕ್ಕುತ್ತದೆ, ಈ ಸೇರಿಕೆ ಸಿಕ್ಕುವುದಿಲ್ಲ.

ಏಪ್ರಿಲ್, ಮೇ ತಿಂಗಳ ಒಣ ಬಿಸಿಲಿಗೆ ನೀನಿರುವ ಕಲಬುರಗಿಯಲ್ಲಿ ಹತ್ತಿ ಮಾತು ಕೇಳುವುದಿಲ್ಲ. ಪುಡಿಯಾಗಿ ಹಾರುತ್ತದೆ, ಕೈಗೆ ಅಂಟುತ್ತದೆ, ಎಳೆ ಪದೇಪದೇ ಹರಿಯುತ್ತದೆ. ಬೆಳಗಿನ ಹೊತ್ತು ನೂಲು. ಹಂಜಿಯ ಬುಟ್ಟಿಯ ಮೇಲೆ ಹಿಂಡಿದ ಒದ್ದೆ ಬಟ್ಟೆ ಮುಚ್ಚಿಡು, ಆದರೆ ಹಂಜಿಗೆ ನೀರು ತಾಕಬಾರದು. ಫ್ಯಾನ್ ಆರಿಸು.

ನಿಮ್ಮ ಹಾಸ್ಟೆಲ್‌ನಲ್ಲಿ ಯಾರಾದರೂ ಇದೇನು ಹಳೇ ಕೆಲಸ ಎಂದರೆ ಕದಿರ ರೆಮ್ಮವ್ವೆಯ ಹೆಸರು ಹೇಳು. 12ನೇ ಶತಮಾನದ ಶರಣೆ, ನೂಲುವುದೇ ಆಕೆಯ ಕಾಯಕ. ತನ್ನ ವಚನದಲ್ಲಿ ರಾಟೆಯ ಭಾಗಗಳಿಗೆ ಬ್ರಹ್ಮ, ವಿಷ್ಣು, ರುದ್ರರ ಹೆಸರು ಕೊಟ್ಟವಳು ನೂಲು ಸುತ್ತುವ ಕದಿರನ್ನು ಮಾತ್ರ ಅರಿವು ಎನ್ನುತ್ತಾಳೆ, ಅದನ್ನು ತಿರುಗಿಸುವ ಕೈಯನ್ನು ಭಕ್ತಿ ಎನ್ನುತ್ತಾಳೆ. ಕೈಯಿಂದ ನೂತವಳಲ್ಲದೆ ಬೇರೆ ಯಾರೂ ಹಾಗೆ ಬರೆಯಲಾರರು ಎಂದೇ ನನ್ನ ನಂಬಿಕೆ.

ತಕಲಿ ತುಂಬಿದರೆ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟು. ಚಿಟಿಕೆ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸು. ಹತ್ತಿಯ ಮೈಮೇಲಿನ ಮೇಣ ಬಿಟ್ಟು ನೀರು ಕಂದಾಗುತ್ತದೆ, ಗಾಬರಿಯಾಗಬೇಡ. ತೊಳೆದು, ತುಸು ಭಾರ ಕಟ್ಟಿ ನೆರಳಿನಲ್ಲಿ ಒಣಗಿಸಿದರೆ ಹುರಿ ಕೂತು ನೂಲು ಸುರುಳಿಯೇಳುವುದು ನಿಲ್ಲುತ್ತದೆ.

ಕುರುಬರ ಕರಿ ಉಣ್ಣೆ ಈಗಲೇ ಬೇಡ. ಅದರ ಎಳೆ ಉದ್ದ, ಒರಟು, ಹಿಡಿತವೇ ಬೇರೆ. ಹತ್ತಿ ಕೈಗೆ ಹತ್ತಿದ ಮೇಲೆ ಕಳಿಸುತ್ತೇನೆ.

ಕುದಿಸುವ ಮೊದಲು 50 ಮೀಟರ್ ಅಳೆದು ಚಿನ್ನ ತೂಗುವ ಪತ್ತಾರರ ಅಂಗಡಿಯಲ್ಲಿ ತೂಗಿಸು. 3 ಗ್ರಾಂ ಬಂದರೆ ಹೆಚ್ಚುಕಡಿಮೆ 10 ನಂಬರಿನ ನೂಲು, 6 ಗ್ರಾಂ ಬಂದರೆ 5 ನಂಬರು; ನಂಬರು ಹೆಚ್ಚಿದಷ್ಟೂ ನೂಲು ಸಣ್ಣ. ಶುರುವಿಗೆ 5 ಬಂದರೂ ಚಲೋನೇ. ಎಷ್ಟು ಬಂತೆಂದು ಬರೆ, ಒಂದು ಮೊಳ ನೂಲನ್ನೂ ಲಕೋಟೆಯಲ್ಲಿಡು.

ಇಂತಿ,
ನಿನ್ನ ಅವ್ವ