ನಿವೇಶನದ ನಾಳಿನ ಬೆಲೆ ಹೇಳುವ ಮೊದಲು ಇವತ್ತಿನ ನಿಜ ದರ ತಿಳಿಯಲಿ

ಮಾನ್ಯ ಸಂಪಾದಕರೇ,

ಶಿವಮೊಗ್ಗದಲ್ಲಿ ಮನೆ, ನಿವೇಶನಗಳ ಬೆಲೆ ಇನ್ನೈದು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಎಂಬ ಮಾತನ್ನು ಬಡಾವಣೆ ಮಾಡುವವರ ಕರಪತ್ರಗಳಲ್ಲಿ ಓದುತ್ತೇವೆ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳುತ್ತೇವೆ. ಬ್ಯಾಂಕೊಂದರ ಗೃಹಸಾಲ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದ ನನಗೆ ಈ ಭವಿಷ್ಯವಾಣಿಯಲ್ಲಿ ನಂಬಿಕೆಯಿಲ್ಲ. ಬೆಲೆ ಏರುವುದಿಲ್ಲವೆಂದಲ್ಲ, ಇವತ್ತಿನ ನಿಜವಾದ ಬೆಲೆಯೇ ಯಾವ ದಾಖಲೆಯಲ್ಲೂ ಸಿಗದಿರುವಾಗ ನಾಳಿನದನ್ನು ಯಾವ ಆಧಾರದ ಮೇಲೆ ಲೆಕ್ಕ ಹಾಕುತ್ತಾರೆ ಎಂಬುದು ನನ್ನ ಪ್ರಶ್ನೆ.

ಶಿಕ್ಷಕ ದಂಪತಿಯೊಬ್ಬರು 30×40 ಸೈಟಿನ ಕರಾರು ಪತ್ರ ಹಿಡಿದು ನನ್ನ ಮೇಜಿನ ಮುಂದೆ ಕುಳಿತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪತ್ರದಲ್ಲಿ ಟೈಪಾಗಿದ್ದ ಮೊತ್ತ 12 ಲಕ್ಷ, ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿದ್ದು 20. ಬ್ಯಾಂಕ್ ಸಾಲ ಕೊಡುವುದು ಪತ್ರದ ಮೊತ್ತದ ಮೇಲೆ ಮಾತ್ರ. ಮಿಕ್ಕ 8 ಲಕ್ಷವನ್ನು ನಗದಾಗಿ ಹೊಂದಿಸಬೇಕು. ಆಕೆ ಕೈಬಳೆಯನ್ನು ತಿರುಗಿಸುತ್ತಾ, ‘ಸರ್, ಬಂಗಾರ ಅಡ ಇಟ್ಟರೆ ಎಷ್ಟು ಕೊಡುತ್ತೀರಿ?’ ಎಂದು ಕೇಳಿದರು. ಕೊನೆಗೆ ಆ ಸೈಟು ಪೂರ್ತಿ ಹಣ ಕೈಯಲ್ಲೇ ಇದ್ದ ಬೇರೊಬ್ಬರ ಪಾಲಾಯಿತು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯಬಾರದೆಂಬ ನಿಯಮ 2015ರಿಂದಲೇ ಇದ್ದರೂ ಈ ಎರಡು ಲೆಕ್ಕದ ರೂಢಿ ನಿಂತಿಲ್ಲ, ಅದರ ಪೆಟ್ಟು ಬೀಳುವುದು ಸಂಬಳದ ಮೇಲೆಯೇ ಬದುಕುವವರಿಗೆ.

ಇಲ್ಲಿ ಸರ್ಕಾರದ ಪಾತ್ರ ದೊಡ್ಡದು. ಹಲವು ವರ್ಷ ಸುಮ್ಮನಿದ್ದ ರಾಜ್ಯ ಸರ್ಕಾರ 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ದರವನ್ನು, ಅಂದರೆ ನೋಂದಣಿಗೆ ತಾನು ಗೊತ್ತುಮಾಡುವ ಕನಿಷ್ಠ ದರವನ್ನು, ಸರಾಸರಿ ಶೇ 30ರಷ್ಟು ಏರಿಸಿತು. ಮಾರ್ಗಸೂಚಿ ದರ ಮಾರುಕಟ್ಟೆ ದರದ ಹತ್ತಿರಕ್ಕೆ ಬರಬೇಕೆಂಬುದನ್ನು ನಾನು ಒಪ್ಪುತ್ತೇನೆ, ಏಕೆಂದರೆ ಪತ್ರದ ಮೊತ್ತ ನಿಜಕ್ಕೆ ಹತ್ತಿರವಾದಷ್ಟೂ ಸಾಲ ಪಡೆಯುವವರಿಗೆ ಅನುಕೂಲ. ಆದರೆ ಒಮ್ಮೆಲೇ ಇಷ್ಟು ಜಿಗಿದಾಗ, ‘ಸರ್ಕಾರವೇ ಏರಿಸಿದೆಯಲ್ಲ’ ಎಂದು ಮಾರುವವರೂ ತಮ್ಮ ದರವನ್ನು ಮೇಲಕ್ಕೆತ್ತುತ್ತಾರೆ. ಸಾಲದೆಂಬಂತೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ 1ರಿಂದ ಶೇ 2ಕ್ಕೆ ಹೆಚ್ಚಿಸಲಾಯಿತು. ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಎಲ್ಲ ಸೇರಿ ನಗರದಲ್ಲಿ ಈಗ ಶೇ 7.6 ಆಗುತ್ತದೆ; ಅಂದರೆ 20 ಲಕ್ಷದ ಸೈಟಿಗೆ 1,52,000 ರೂಪಾಯಿ. ಶುಲ್ಕ ಹೆಚ್ಚಿದಷ್ಟೂ ಪತ್ರದಲ್ಲಿ ಕಡಿಮೆ ಮೊತ್ತ ಬರೆಸುವ ಆಸೆ ಬಲಿಯುತ್ತದೆ. ಒಂದು ಕೈಯಿಂದ ನಿಜ ಬೆಲೆ ಬರೆಸಿರೆಂದು ಹೇಳಿ, ಇನ್ನೊಂದು ಕೈಯಿಂದ ಸುಳ್ಳು ಬರೆಸಲು ದಾರಿ ಮಾಡಿಕೊಟ್ಟಂತಾಗಿದೆ.

ಬಡ್ಡಿದರ ಏರಿದರೆ ಮನೆ ಬೆಲೆ ಇಳಿಯುತ್ತದೆ ಎಂಬ ಪಾಠವೂ ಮಲೆನಾಡಿಗೆ ಪೂರ್ತಿ ಹೊಂದುವುದಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿದರ) ಶೇ 4ರಿಂದ ಶೇ 6.5ಕ್ಕೆ ಏರಿಸಿತು. 20 ವರ್ಷದ 25 ಲಕ್ಷ ಸಾಲದ ಬಡ್ಡಿ ಶೇ 6.5ರಿಂದ ಶೇ 9ಕ್ಕೆ ಹೋದರೆ ತಿಂಗಳ ಕಂತು ಸುಮಾರು 18,600ರಿಂದ 22,500 ರೂಪಾಯಿಗೆ ಹೋಗುತ್ತದೆ. ಸಂಬಳದವರು ಹಿಂದೆ ಸರಿದರೂ ನಮ್ಮೂರಲ್ಲಿ ಸೈಟಿನ ದರ ಜಗ್ಗುವುದಿಲ್ಲ. ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬರುವ ಅಡಿಕೆ ದುಡ್ಡಿಗೆ ಬ್ಯಾಂಕಿನ ಬಡ್ಡಿಯ ಹಂಗಿಲ್ಲ. ಅದೇ 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ, ಅಗ್ಗದ ವಿದೇಶಿ ಅಡಿಕೆ ಒಳಬರದಂತೆ, ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಹೆಚ್ಚಿಸಿತು. ಬೆಳೆಗಾರರನ್ನು ಕಾಯುವ ಆ ಕ್ರಮ ಸರಿಯಾದದ್ದೇ. ಆದರೆ ಶಿವಮೊಗ್ಗದ ನಿವೇಶನದ ದರ ಊಹಿಸುವವರು ಅಡಿಕೆ ಮಂಡಿಯ ಧಾರಣೆಯನ್ನೂ, ದೆಹಲಿಯ ಆಮದು ನೀತಿಯನ್ನೂ ನೋಡದೆ ಲೆಕ್ಕ ಹಾಕಿದರೆ ಅದು ಬರೀ ಊಹೆಯಾಗಿಯೇ ಉಳಿಯುತ್ತದೆ.

ಶಿವಮೊಗ್ಗದ ಹತ್ತಿರ ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಗಿ, ಆಗಸ್ಟ್ 31ರಂದು ಪ್ರಯಾಣಿಕರ ವಿಮಾನ ಇಳಿಯಿತು. ಸುತ್ತಲಿನ ಜಮೀನಿನ ದರ ಅಷ್ಟು ದಿನ ಕಾದಿರಲಿಲ್ಲ; ರನ್‌ವೇ ಕಾಮಗಾರಿ ಕಣ್ಣಿಗೆ ಬೀಳುತ್ತಲೇ ಏರತೊಡಗಿತ್ತು. ಇನ್ನೂ ಏರುತ್ತದೆಂದು ತಡವಾಗಿ ಕೊಂಡವರ ಸೈಟುಗಳಲ್ಲಿ ಈಗ ಎದೆಮಟ್ಟದ ಹುಲ್ಲು ಬೆಳೆದಿದೆ, ನಂಬರ್ ಕೊರೆದ ಗಡಿಕಲ್ಲನ್ನು ಹುಲ್ಲು ಸರಿಸಿ ಹುಡುಕಬೇಕು.

ರಿಸರ್ವ್ ಬ್ಯಾಂಕ್ ನೋಂದಣಿ ಕಚೇರಿಗಳ ದಾಖಲೆ ಆಧರಿಸಿ ಮೂರು ತಿಂಗಳಿಗೊಮ್ಮೆ ಮನೆ ಬೆಲೆ ಸೂಚ್ಯಂಕ ಪ್ರಕಟಿಸುತ್ತದೆ. ಅದರಲ್ಲಿ ಬೆಂಗಳೂರಿದೆ, ಶಿವಮೊಗ್ಗ ಇಲ್ಲ. ಆದರೆ ನಮ್ಮ ಪ್ರತಿಯೊಂದು ಕ್ರಯಪತ್ರವೂ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ದಾಖಲಾಗುತ್ತಿದೆ. ಕೊಂಡವರ, ಮಾರಿದವರ ಹೆಸರು ಬಿಟ್ಟು, ಯಾವ ಬಡಾವಣೆಯಲ್ಲಿ ಎಷ್ಟು ಅಡಿಯ ಸೈಟು ಎಷ್ಟಕ್ಕೆ ನೋಂದಣಿಯಾಯಿತೆಂಬ ಪಟ್ಟಿಯನ್ನು ನೋಂದಣಿ ಇಲಾಖೆ ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕು. ಆ ಪಟ್ಟಿಗೆ ಬೆಲೆ ಬರಬೇಕಾದರೆ ನೋಂದಣಿ ಶುಲ್ಕ ಮತ್ತೆ ಶೇ 1ಕ್ಕೆ ಇಳಿಯಬೇಕು, ಮಾರ್ಗಸೂಚಿ ದರವನ್ನು ಪ್ರತಿವರ್ಷ ಸ್ವಲ್ಪ ಸ್ವಲ್ಪವಾಗಿ ಪರಿಷ್ಕರಿಸಬೇಕು. ಫ್ಲ್ಯಾಟಿನ ಮೊದಲ ಮಾರಾಟಕ್ಕೆ 45 ಲಕ್ಷದವರೆಗೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ. ಫ್ಲ್ಯಾಟಿಗಿಂತ ಸೈಟು ಕೊಂಡು ಮನೆ ಕಟ್ಟುವವರೇ ಹೆಚ್ಚಿರುವ ನಮ್ಮಂಥ ಊರುಗಳಲ್ಲಿ, ಮೊದಲ ಸಲ ನಿವೇಶನ ಕೊಳ್ಳುವವರಿಗೂ ಅದೇ ರಿಯಾಯಿತಿ ಕೊಡುವಂತೆ ಜಿಲ್ಲೆಯ ಶಾಸಕರು ಮುಂಬರುವ ಅಧಿವೇಶನದಲ್ಲಿ ಒತ್ತಾಯಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ನಿವೃತ್ತ ಬ್ಯಾಂಕ್ ಅಧಿಕಾರಿ,
ವಿನೋಬನಗರ, ಶಿವಮೊಗ್ಗ