‘ಸ್ಯಾಂಕ್ಷನ್’ ಪದದ ಅನುವಾದದ ಬಗ್ಗೆ

ಅನುವಾದ ಬಳಗದ ಎಲ್ಲ ಸದಸ್ಯರಿಗೆ ನಮಸ್ಕಾರ.

1990ರಲ್ಲಿ ಕುವೈತ್ ಮೇಲಿನ ಆಕ್ರಮಣದ ಬಳಿಕ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಇರಾಕ್ ಮೇಲೆ ಹೇರಿದ ‘ಸ್ಯಾಂಕ್ಷನ್ಸ್’ ನಿನ್ನೆಯ ಕರಡಿನಲ್ಲಿ ‘ಮಂಜೂರಾತಿ’ ಎಂದಾಗಿದ್ದು, ಅರ್ಥವೇ ತಲೆಕೆಳಗಾಗಿದೆ. ಸಾಲ ಸ್ಯಾಂಕ್ಷನ್ ಆಯಿತೆಂದು ದಿನವೂ ಕೇಳುವ ನಮ್ಮಿಂದ ಇಂಥ ತಪ್ಪಾಗುವುದು ಸಹಜ. ಆದರೂ ಓದುಗರ ಕೈಗೆ ಅದು ಹಾಗೆಯೇ ಹೋಗಬಾರದು.

ಈ ಪದದ ಲ್ಯಾಟಿನ್ ಮೂಲಕ್ಕೆ ಪವಿತ್ರಗೊಳಿಸು, ಮೀರಲಾಗದಂತೆ ವಿಧಿಸು ಎಂಬ ಅರ್ಥಗಳಿವೆ. ಕಟ್ಟಳೆಗೆ ಅಧಿಕಾರಸ್ಥರು ನೀಡುವ ಒಪ್ಪಿಗೆಯೂ ಅದನ್ನು ಮುರಿದವರಿಗೆ ವಿಧಿಸುವ ದಂಡನೆಯೂ ಒಂದೇ ಪದದೊಳಗೆ ಸೇರಿಕೊಂಡದ್ದು ಅದರಿಂದಲೇ.

ಸಾಲ, ಅನುದಾನ, ಹುದ್ದೆಗಳ ಸಂದರ್ಭದಲ್ಲಿ ‘ಮಂಜೂರಾತಿ’ ಸರಿಯಾದ ಪದ. ಸರ್ಕಾರಿ ನೌಕರರ ವಿರುದ್ಧದ ಮೊಕದ್ದಮೆಗೆ ಬೇಕಾದುದನ್ನು ‘ಪೂರ್ವಾನುಮತಿ’ ಎಂದರೆ ಹೆಚ್ಚು ಸ್ಪಷ್ಟ. ದೇಶಗಳ ಮೇಲೆ ಹೇರುವುದಕ್ಕೆ ‘ನಿರ್ಬಂಧ’ ಎಂದು ಬರೆಯಿರಿ. ‘ದಿಗ್ಬಂಧನ’ ಬೇಡ, ಏಕೆಂದರೆ ಅದು ಬಂದರು, ದಾರಿಗಳನ್ನು ಸುತ್ತುವರಿದು ತಡೆಯುವ ಕ್ರಮ. ಬಹುವಚನ ರೂಪವು ಹೆಚ್ಚಾಗಿ ನಿರ್ಬಂಧವನ್ನೇ ಸೂಚಿಸುತ್ತದೆ. ಕ್ರಿಯಾಪದವಾಗಿ ಬಂದಾಗ ಮಾತ್ರ ಅಂಥ ಸುಳಿವೂ ಇರುವುದಿಲ್ಲವಾದ್ದರಿಂದ, ಹಿಂದುಮುಂದಿನ ವಾಕ್ಯಗಳನ್ನು ಓದದೆ ಪದವನ್ನು ನಿರ್ಧರಿಸಬೇಡಿ.

ಕರಡಿನ ತಿದ್ದಿದ ಪ್ರತಿಯನ್ನು ನಾಳೆ ಸಂಜೆಯೊಳಗೆ ಇಲ್ಲಿಯೇ ಹಾಕಬೇಕೆಂದು ಕೋರುತ್ತೇನೆ.